ಖಾಲಿ ಮರಳದ ಡಬ್ಬಿಗಳು

ಕಳೆದ ವರ್ಷದ ಆಟಿ ತಿಂಗಳು. ನಮ್ಮ ಊರ ಕಡೆ ಆಟಿಯೆಂದರೆ ಹೊರಗೆ ಕಾಲಿಡದೆ ಮನೆಯೊಳಗೇ ಕುಳಿತು ಕಳೆಯುವ ಜಡಿಮಳೆಯ ತಿಂಗಳು. ಡೊಂಬಿವಲಿಯಲ್ಲಿರುವ ನಮಗೆ ಅದು ರೈಲು ಯಾವಾಗ ನಿಂತುಬಿಡುವುದೋ ಎಂದು ಅಂಜುವ ತಿಂಗಳು. ಆ ಆಟಿಯ ಒಂದು ಮಧ್ಯಾಹ್ನ ನಮ್ಮ ಮನೆಗೆ ನೀರು ನುಗ್ಗಿತು. ಹಾಗೆ ಆರಂಭವಾಗಿ, ಥಾಣೆಯ ಒಂದು ವಿಮಾ ಕಚೇರಿಯ ಮೇಜಿನ ಮೇಲೆ ಕೊನೆಗೊಂಡ ಘಟನೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಮನೆಯ ವಿಷಯ ಹೇಳಬೇಕು. ತಂದೆ ತಾಯಿ ಇಬ್ಬರೂ ಕಾರ್ಕಳ ಕಡೆಯ ಹಳ್ಳಿಯವರು. ಪಪ್ಪ ಉಲ್ಹಾಸನಗರದ ಒಂದು ಹೋಟೆಲಿನಲ್ಲಿ ಅಡುಗೆಯವರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಪದವಿ ಪಡೆದವಳು ನಾನೊಬ್ಬಳೇ. ಬಿ.ಕಾಂ. ಮುಗಿಸಿ ಸೀವುಡ್ಸ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಪದವೀಧರೆ ಎಂದ ಮೇಲೆ ಮನೆಗೆ ಬರುವ ಪ್ರತಿಯೊಂದು ಪತ್ರವೂ, ತುಂಬಬೇಕಾದ ಪ್ರತಿಯೊಂದು ಅರ್ಜಿಯೂ ನನ್ನ ಕೈಗೇ ಬರುತ್ತದೆ. ನಾನು ತಪ್ಪಿದರೆ ತಿದ್ದುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಈ ಭಯದಿಂದಲೋ ಏನೋ, ನನಗೆ ವಿಮೆಯ ಮೇಲೆ ವಿಶೇಷವಾದ ನಂಬಿಕೆ. ರೈಲಿನ ಟಿಕೆಟ್ ತೆಗೆಯುವಾಗ ಪ್ರಯಾಣ ವಿಮೆಯ ಚೌಕದಲ್ಲಿ ಗುರುತು ಹಾಕದೆ ಮುಂದೆ ಹೋಗುವವಳಲ್ಲ. ಮೊಬೈಲಿಗೂ ವಿಮೆ, ಪಪ್ಪನ ಸ್ಕೂಟರಿಗೂ ವಿಮೆ. "ಇವಳು ನಾಳೆ ಕೊಡೆಗೂ ವಿಮೆ ಮಾಡಿಸ್ತಾಳೆ" ಎಂದು ಪಪ್ಪ ತಮಾಷೆ ಮಾಡುವುದುಂಟು.

ಅಮ್ಮ ಇಡ್ಲಿ ದೋಸೆಯ ಹಿಟ್ಟು ಮಾಡಿ ಕೊಡುತ್ತಾರೆ. ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ ನಮ್ಮದು ನೆಲಮಹಡಿಯ ಎರಡು ಕೋಣೆ. ಹಿಂದಿನ ಕೋಣೆ ನಮ್ಮ ಸಂಸಾರಕ್ಕೆ. ಮುಂದಿನ ಕೋಣೆ ಅಮ್ಮನ ಎರಡು ಗ್ರೈಂಡರ್, ಒಂದು ಫ್ರಿಜ್, ಅಕ್ಕಿ ಉದ್ದಿನ ಚೀಲಗಳಿಗೆ. ಬೋರ್ಡಿಲ್ಲ, ಬಿಲ್ಲಿಲ್ಲ, ಪ್ಲಾಸ್ಟಿಕ್ ಪ್ಯಾಕೆಟ್ ಇಲ್ಲ. ಬೇಕಾದವರು ಹಿಂದಿನ ದಿನ ಮಧ್ಯಾಹ್ನದ ಮೊದಲೇ ತಮ್ಮ ಮನೆಯ ಸ್ಟೀಲು ಡಬ್ಬಿಯನ್ನು ತಂದಿಟ್ಟು ಹೋಗುತ್ತಾರೆ. ಬೆಳಿಗ್ಗೆ ಹಿಟ್ಟು ತುಂಬಿದ ಡಬ್ಬಿಯನ್ನು ಒಯ್ಯುತ್ತಾರೆ. ಯಾರ ಡಬ್ಬಿ ಯಾವುದೆಂಬ ಗೊಂದಲವೇ ಇಲ್ಲ. ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಉಡುಗೊರೆಯಾಗಿ ಬಂದ ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿರುವುದು ಎಲ್ಲರ ಮನೆಯಲ್ಲೂ ಇರುವಂಥದ್ದೇ. ನಮ್ಮ ಮುಂದಿನ ಕೋಣೆಯ ಕಪಾಟಿನಲ್ಲಿ ಮರಾಠಿ, ಕನ್ನಡ, ತಮಿಳು, ಗುಜರಾತಿ ಲಿಪಿಗಳ ಹೆಸರುಗಳು ಸಾಲಾಗಿ ಕುಳಿತಿರುತ್ತಿದ್ದವು. ಅವುಗಳ ಮುಚ್ಚಳದ ಮೇಲೆ ಅಮ್ಮ ಕೆಂಪು ನೇಲ್ ಪಾಲಿಶಿನಲ್ಲಿ ಗೀಟು ಎಳೆದಿದ್ದರು: ಒಂದು ಗೀಟಿನವರಿಗೆ ಸಣ್ಣ ಅಳತೆ, ಎರಡು ಗೀಟಿನವರಿಗೆ ದೊಡ್ಡದು. ತಮ್ಮ ಉಗುರಿಗೆ ಎಂದೂ ಬಣ್ಣ ಹಚ್ಚದ ಅಮ್ಮ ನನ್ನ ಕಾಲೇಜು ದಿನಗಳ ಶೀಶೆಯನ್ನು ಹೀಗೆ ಖರ್ಚು ಮಾಡಿದ್ದರು.

ಅಮ್ಮನದು ಒಂದು ನಿಯಮವಿತ್ತು. ಯಾರ ಪಾತ್ರೆಯನ್ನೂ ಖಾಲಿ ಮರಳಿಸಬಾರದು. ಕರೆಂಟು ಕೈಕೊಟ್ಟು ಹಿಟ್ಟು ಅರೆಯಲಾಗದ ದಿನ ಪ್ರತಿಯೊಂದು ಡಬ್ಬಿಗೂ ಒಂದೊಂದು ಚಮಚ ಸಕ್ಕರೆ ಹಾಕಿ, "ಇವತ್ತು ಇಷ್ಟೇ" ಎಂದು ನಗುತ್ತಾ ಕೊಟ್ಟುಬಿಡುತ್ತಿದ್ದರು.

ಹೀಗಿರುವಾಗ, ನನ್ನ ಕೆಲಸ ಖಾಯಂ ಆದ ಸಂತೋಷದಲ್ಲಿ, ಸಣ್ಣ ಅಂಗಡಿ ಮತ್ತು ಗೃಹೋದ್ಯಮಗಳಿಗೆಂದೇ ಇರುವ ಒಂದು ವಿಮೆಯನ್ನು ಅಮ್ಮನ ಹೆಸರಿನಲ್ಲಿ ಮಾಡಿಸಿದ್ದೆ. ಮನೆಯಲ್ಲಿ ನಾವು ಮಾತನಾಡುವುದು ತುಳು, ಅಮ್ಮ ಅಂದು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಇನ್ಶೂರೆನ್ಸ್ ಅಂದ್ರೆ ಸತ್ತ ಮೇಲೆ ಬರುದಲ್ವಾ? ಗ್ರೈಂಡರಿಗೆ ಎಂಥ ಸಾವು ಮಾರಾಯ್ತಿ?"

ಆಟಿಯ ಆ ಮಧ್ಯಾಹ್ನ ಗ್ರೈಂಡರಿಗೂ ಸಾವು ಬಂತು.

ಕಟ್ಟಡದ ಹಿಂದಿನ ದೊಡ್ಡ ಚರಂಡಿ ಉಕ್ಕಿ ಹರಿದಿತ್ತು. ನಾನು ಕಚೇರಿಯಲ್ಲಿದ್ದೆ. ಅಮ್ಮನ ಕರೆ ಬಂತು. "ನೀರು ಹೊಸ್ತಿಲು ದಾಟಿತು. ನೀನು ಗಡಿಬಿಡಿ ಮಾಡ್ಕೊಂಡು ಬರುದು ಬೇಡ. ನಾನು ಗೌರಕ್ಕನ ಮನೆಗೆ ಹೋಗ್ತೇನೆ." ಗೌರಕ್ಕ ಎರಡನೆಯ ಮಹಡಿಯಲ್ಲಿರುವವರು, ವಿಜಯಪುರ ಕಡೆಯವರು, ಅಮ್ಮನ ಎರಡು ಗೀಟಿನ ಗಿರಾಕಿ.

ತೆವಳುವ ರೈಲುಗಳಲ್ಲಿ ನಾನು ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮುಂದಿನ ಕೋಣೆಯಲ್ಲಿ ಮೊಣಕಾಲಿನವರೆಗೆ ಕಂದು ಬಣ್ಣದ ನೀರು. ಗ್ರೈಂಡರುಗಳು ಅರ್ಧ ಮುಳುಗಿದ್ದವು. ಕಪಾಟು ಮಗುಚಿ ಬಿದ್ದು, ಕಟ್ಟಡದ ಎಲ್ಲರ ಡಬ್ಬಿಗಳು ಒಂದಕ್ಕೊಂದು ಟಕ್ ಟಕ್ ಎಂದು ತಾಗುತ್ತಾ ಕೋಣೆಯ ತುಂಬ ತೇಲುತ್ತಿದ್ದವು. ವಿಮಾ ಕಂಪನಿಗೆ ಫೋನು ಮಾಡಿದೆ. ಅತ್ತ ಕಡೆಯ ಹುಡುಗಿ, "ಫೋಟೋ ತೆಗೆದಿಡಿ. ನಮ್ಮ ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ" ಎಂದಳು. ಫೋಟೋಗಳನ್ನು ತೆಗೆದೆ. ಏನನ್ನೂ ಮುಟ್ಟಬಾರದೆಂದು ಅಮ್ಮನಿಗೆ ಮತ್ತೆ ಮತ್ತೆ ಹೇಳಿದೆ.

ನೀರು ಇಳಿಯಿತು. ರೈಲುಗಳು ಸರಿಯಾದವು, ನಾನು ಕೆಲಸಕ್ಕೆ ಹೋದೆ. ಸರ್ವೇಯರ್ ಬರುವ ದಿನ ಅರ್ಧ ದಿನದ ರಜೆ ಹಾಕಿ ಓಡೋಡಿ ಬಂದು ನೋಡಿದರೆ ಬಾಗಿಲಿನಲ್ಲಿ ರಂಗೋಲಿ! ನೆಲ ಫಿನಾಯಿಲಿನಿಂದ ಘಮಘಮಿಸುತ್ತಿತ್ತು. ಗ್ರೈಂಡರುಗಳನ್ನು ಒರೆಸಿ ಕುಂಕುಮ ಇಡಲಾಗಿತ್ತು. ನಾರುತ್ತಿದ್ದ ಅಕ್ಕಿ ಉದ್ದಿನ ಚೀಲಗಳು ಪಾಲಿಕೆಯ ಕಸದ ಗಾಡಿ ಸೇರಿದ್ದವು. ಡಬ್ಬಿಗಳನ್ನು ಗೌರಕ್ಕನ ಮನೆಯ ನಲ್ಲಿಯಲ್ಲಿ ತೊಳೆದು, ಒಂದೊಂದು ಚಮಚ ಸಕ್ಕರೆ ಹಾಕಿ, ಅವರವರ ಮನೆಗೆ ತಲುಪಿಸಿಯಾಗಿತ್ತು.

"ಅಮ್ಮಾ! ಏನನ್ನೂ ಮುಟ್ಟಬೇಡ ಅಂದಿದ್ದೆನಲ್ಲ?"

"ಆಫೀಸಿನಿಂದ ಜನ ಬರುದು ಅಂತ ನೀನೇ ಹೇಳಿದ್ದಲ್ವಾ? ಕೆಸರಿನಲ್ಲಿ ಕುರ್ಚಿ ಹಾಕ್ಲಿಕ್ಕೆ ಆಗ್ತದಾ? ನೋಡಿದವರು ಎಂಥ ಹೇಳುದು?" ಎಂದರು ಅಮ್ಮ. ಅವರು ಮದುವೆ ಮುಂಜಿಗಳಿಗೆ ಉಡುವ ಸೀರೆ ಉಟ್ಟಿದ್ದರು.

ಸರ್ವೇಯರ್ ಬಂದರು. ಸುಮಾರು ಐವತ್ತರ ಪ್ರಾಯದ, ಮೃದು ಮಾತಿನ ಮನುಷ್ಯ. ರಂಗೋಲಿ ಕಂಡು ಬೂಟು ಕಳಚಿ ಒಳಗೆ ಬಂದರು. ಅಮ್ಮ ಕೊಟ್ಟ ಚಹಾ ಕುಡಿದು, ಚಕ್ಕುಲಿ ಚೆನ್ನಾಗಿದೆ ಎಂದರು. ಗ್ರೈಂಡರುಗಳ ಸ್ವಿಚ್ಚು ಒತ್ತಿ ನೋಡಿದರು, ಎರಡೂ ತಿರುಗಲಿಲ್ಲ. ಬರೆದುಕೊಂಡರು. ಆಮೇಲೆ ಬಹಳ ಸಹಜವಾಗಿ, ನೀವೇನು ಕೆಲಸ ಮಾಡುತ್ತೀರಿ ಎಂದು ಅಮ್ಮನನ್ನು ಕೇಳಿದರು: "ಭಾಭೀಜಿ, ಆಪ್ ಕ್ಯಾ ಕಾಮ್ ಕರ್ತೀ ಹೈಂ?"

ಅಮ್ಮ ಸೆರಗು ಸರಿಪಡಿಸಿಕೊಂಡು, ತಲೆ ತಗ್ಗಿಸಿ, ನಾಚಿಕೆಯಿಂದ ಉತ್ತರಿಸಿದರು: "ಕುಛ್ ನಹೀ ಸಾಬ್. ಘರ್ ಪೇ ಹೀ ರಹತೀ ಹೂಂ."

ಏನೂ ಇಲ್ಲ ಸಾಹೇಬರೇ, ಮನೆಯಲ್ಲೇ ಇರುತ್ತೇನೆ!

ಸಿದ್ಧಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಅವಸರದಿಂದ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಮೇಡಂ, ನೀವು ಹೇಳುವುದು ನಿಜವಿರಬಹುದು. ಆದರೆ ಕಣ್ಣಿಗೆ ಕಂಡದ್ದನ್ನೇ ನಾನು ಬರೆಯಬೇಕು. ಸೌತ್ ಇಂಡಿಯನ್ ಮನೆಗಳಲ್ಲಿ ಗ್ರೈಂಡರ್ ಇದ್ದೇ ಇರುತ್ತದಲ್ಲ?" ಎಂದು ಹಿಂದಿಯಲ್ಲಿ ಹೇಳಿ, ಬೂಟು ಹಾಕಿಕೊಂಡು, ಅಮ್ಮನಿಗೆ ಕೈಮುಗಿದು ಹೋದರು.

ಕೆಲವು ದಿನಗಳಲ್ಲಿ ಕಂಪನಿಯ ಪತ್ರ ಬಂತು. ಸ್ಥಳದಲ್ಲಿ ವ್ಯವಹಾರ ನಡೆಯುತ್ತಿದ್ದುದಕ್ಕೆ ಆಧಾರ ಕಂಡುಬಂದಿಲ್ಲ. ಫೋಟೋಗಳಲ್ಲಿ ಕಾಣುವುದು ಮನೆಬಳಕೆಯ ಪಾತ್ರೆಗಳು. ವಿಮೆ ಮಾಡಿಸಿದವರೇ ತಾವು ಗೃಹಿಣಿ ಎಂದು ತಿಳಿಸಿದ್ದಾರೆ. ಆದ್ದರಿಂದ ಪರಿಹಾರ ಕೊಡಲಾಗುವುದಿಲ್ಲ.

ನಾನು ಇಂಗ್ಲಿಷಿನಲ್ಲಿ ದೀರ್ಘವಾದ ಉತ್ತರ ಬರೆದೆ. ಪ್ರತಿ ಅಲ್ಪವಿರಾಮವನ್ನೂ ಪರೀಕ್ಷಿಸಿ ಕಳುಹಿಸಿದೆ. ಅಮ್ಮನ ಗಿರಾಕಿಗಳಲ್ಲಿ ಹಲವರು ತಿಂಗಳ ಕೊನೆಗೆ ನಗದು ಕೊಡುವವರು. ಕೆಲವರು ಮಾತ್ರ ನನ್ನ ಮೊಬೈಲಿಗೆ ಹಾಕುತ್ತಿದ್ದರು. ಆ ವಿವರವನ್ನೂ ಲಗತ್ತಿಸಿದೆ. ಆದರೆ ಅವರ ಮಕ್ಕಳಿಗೆ ನಾನೇ ಭಾನುವಾರ ಟ್ಯೂಷನ್ ಹೇಳುತ್ತಿದ್ದೆ. ಅದರ ಶುಲ್ಕವೂ ಅದೇ ಹೆಸರುಗಳಿಂದ ಅದೇ ಮೊಬೈಲಿಗೆ ಬರುತ್ತಿತ್ತು. ಹಿಟ್ಟಿನದು ಯಾವುದು, ಪಾಠದ್ದು ಯಾವುದು ಎಂದು ಬೇರ್ಪಡಿಸಿ ತೋರಿಸಲು ನನಗೇ ಸಾಧ್ಯವಾಗಲಿಲ್ಲ. ಬೇರೆ ಆಧಾರವಿದ್ದರೆ ಥಾಣೆಯ ಕಚೇರಿಗೆ ಬಂದು ತೋರಿಸಬಹುದೆಂದು ಒಂದು ದಿನಾಂಕ ಕೊಟ್ಟರು.

ಅಷ್ಟರಲ್ಲಿ ಕಟ್ಟಡದವರು ಸ್ಟೇಶನ್ ಬಳಿಯ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತರುವುದಕ್ಕೆ ಆರಂಭಿಸಿದ್ದರು. "ಅದ್ಯಾನ ಹಿಟ್ಟ್ರೀ ಅದು, ಬರೇ ಸೋಡಾ! ದ್ವಾಸಿ ಹಂಚಿಗಿ ಹತ್ಕೊಂಡು ಕುಂದರತೈತಿ, ಏಳಂದ್ರ ಏಳೂದಿಲ್ಲ" ಎಂದು ಗೌರಕ್ಕ ದಿನವೂ ಬಂದು ದೂರುತ್ತಿದ್ದರು. ಅಮ್ಮ ನಗುತ್ತಿದ್ದರು. ಆದರೆ ಮುಂದಿನ ಕೋಣೆಯ ಖಾಲಿ ಕಪಾಟಿನ ಎದುರು ಅವರು ಸುಮ್ಮನೆ ಕುಳಿತಿರುವುದನ್ನು ನಾನು ನೋಡುತ್ತಿದ್ದೆ. ಒಂದು ಸಂಜೆ ಹೇಳಿದರು: "ಹೋಗ್ಲಿ ಬಿಡು ಮಗಾ. ನಾನು ಎಂಥ ಅಂಗಡಿಯವಳಾ? ಅವರು ಬರೆದದ್ದು ಸರಿಯೇ ಉಂಟು. ಖಾರಘರದಲ್ಲಿ ಒಂದು ಮನೆಗೆ ಅಡುಗೆಗೆ ಜನ ಬೇಕಂತೆ. ಹೋಗ್ತೇನೆ."

ಪರಿಹಾರ ನಿರಾಕರಿಸಿದ ಪತ್ರಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಗಾಬರಿಗೊಳಿಸಿತು. ನಾನು ಶಾಲೆಗೆ ಹೋಗಲು ಆರಂಭಿಸಿದಾಗಿನಿಂದ ನಮ್ಮ ಬೆಳಗುಗಳನ್ನು ಎಬ್ಬಿಸಿದ್ದು ಆ ಗ್ರೈಂಡರಿನ ಸದ್ದು. ನನ್ನ ಕಾಲೇಜಿನ ಶುಲ್ಕದಲ್ಲಿ ಉದ್ದಿನ ಹಿಟ್ಟಿನ ಪಾಲು ಎಷ್ಟೆಂದು ನನಗೆ ಗೊತ್ತು. ಅದನ್ನು ಅಮ್ಮ ಸ್ವತಃ 'ಏನೂ ಅಲ್ಲ' ಎಂದು ಒಪ್ಪಿಕೊಂಡುಬಿಟ್ಟರೆ?

ಮರುದಿನ ಸಂಜೆ ಕೆಲಸ ಮುಗಿಸಿ ನೆರೂಲಿನಿಂದ ಥಾಣೆಗೆ ಬರುವ ರೈಲಿನಲ್ಲಿ ಕುಳಿತು ಫೋಟೋಗಳನ್ನು ಮತ್ತೆ ನೋಡುತ್ತಿದ್ದೆ. ತೇಲುವ ಡಬ್ಬಿಗಳು. ಮನೆಬಳಕೆಯ ಪಾತ್ರೆಗಳು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದೆ. ಒಂದು ಡಬ್ಬಿಯ ಹೊಟ್ಟೆಯ ಮೇಲೆ ದೇವನಾಗರಿಯಲ್ಲಿ 'ಸೌ. ಸುನಂದಾ' ಎಂದಿತ್ತು. ಇನ್ನೊಂದರ ಮೇಲೆ ಕನ್ನಡ ಅಕ್ಷರ. ಮತ್ತೊಂದರ ಮೇಲೆ ತಮಿಳು. ಮನೆಬಳಕೆಯ ಪಾತ್ರೆಗಳು, ನಿಜ. ಆದರೆ ಯಾರ ಮನೆಯವು?

ಐರೋಳಿ ಬರುವ ಮೊದಲೇ ನಾನು ಗಡಬಡಿಸಿ ಎದ್ದು ನಿಂತಿದ್ದೆ. ಎದುರಿಗಿದ್ದ ಹೆಂಗಸು ನಾನು ಇಳಿಯುತ್ತೇನೆಂದು ಭಾವಿಸಿ ನನ್ನ ಜಾಗದಲ್ಲಿ ಕುಳಿತುಬಿಟ್ಟರು. ಥಾಣೆಯವರೆಗೆ ನಿಂತೇ ಬಂದೆ, ಕಾಲು ನೋಯಲಿಲ್ಲ.

ನನ್ನ ಯೋಜನೆ ಸಣ್ಣದಾಗಿತ್ತು. ಎರಡು ಮೂರು ಮನೆಯವರಿಂದ ಡಬ್ಬಿಗಳನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಕಚೇರಿಗೆ ಒಯ್ದು, ಫೋಟೋದೊಂದಿಗೆ ಹೋಲಿಸಿ ತೋರಿಸುವುದು. ಗೌರಕ್ಕನ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಡಬ್ಬಿ ಒಂದ ಹೋಗಿ ಏನ್ ಮಾತಾಡತೈತೆವ್ವಾ? ಮಾತಾಡಾಕ ನಾ ಬರ್ತೀನಿ. ಇಷ್ಟ್ ವರ್ಷ ನಮ್ಮನಿ ದ್ವಾಸಿ ಏನ್ ಆಕಾಶದಿಂದ ಉದರತಿತ್ತೇನ?"

ಮೂರನೆಯ ಮಹಡಿಯ ಅಜ್ಜಿ, ನಮ್ಮೆಲ್ಲರ ಸುನಂದಾ ಆಜಿ, ಮರಾಠಿ ಶಾಲೆಯ ನಿವೃತ್ತ ಶಿಕ್ಷಕಿ. ಅವರು ಕನ್ನಡಕ ಸರಿಪಡಿಸಿಕೊಂಡು, "ಮೀ ಪಣ್ ಯೇಣಾರ್" ಎಂದರು. ನಾನೂ ಬರುವವಳೇ ಎಂದು. ಆಜಿ ಹೇಳಿದ ಮೇಲೆ ಕಟ್ಟಡದಲ್ಲಿ ಎದುರು ಮಾತಿಲ್ಲ.

ನನಗೆ ಚಿಂತೆ ಹತ್ತಿತು. ಕಚೇರಿಗೆ ಹೀಗೆ ಗುಂಪಾಗಿ ಹೋಗುವುದು ಸಭ್ಯತೆಯೇ? ಅಧಿಕಾರಿಗಳು ಕೋಪಿಸಿಕೊಂಡರೆ? ಎಲ್ಲರೂ ಸಹಿ ಹಾಕಿದ ಒಂದು ಮನವಿ ಸಾಕಲ್ಲವೇ ಎಂದು ಸೂಚಿಸಿದೆ. "ನೀ ಸುಮ್ನಿರವಾ, ಓದಿದಾಕಿ" ಎಂದು ಗೌರಕ್ಕ ನನ್ನ ಬಾಯಿ ಮುಚ್ಚಿಸಿದರು.

ಕಂಪನಿ ಗೊತ್ತುಮಾಡಿದ ದಿನ ಬೆಳಿಗ್ಗೆ ಡೊಂಬಿವಲಿ ಸ್ಟೇಶನ್ನಿನಲ್ಲಿ ಹತ್ತು ಹದಿನೈದು ಹೆಂಗಸರು ಸೇರಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಚೀಲ, ಚೀಲದಲ್ಲಿ ಡಬ್ಬಿ. ಅಮ್ಮ ಕೊನೆಯವರೆಗೂ "ನಾನು ಅಲ್ಲಿ ಬಂದು ಎಂಥ ಹೇಳುದು?" ಎನ್ನುತ್ತಿದ್ದರು, ಆಜಿ ಅವರ ಕೈ ಹಿಡಿದೇ ರೈಲು ಹತ್ತಿಸಿದರು. ಗದ್ದಲ ಸ್ವಲ್ಪ ಇಳಿದ ಮೇಲಿನ ಗಾಡಿಯನ್ನೇ ಹಿಡಿದಿದ್ದೆವು. ಆದರೂ ಮಹಿಳೆಯರ ಬೋಗಿಯಲ್ಲಿ ನಮಗೆಲ್ಲ ನಿಲ್ಲಲು ಜಾಗ ಸಿಕ್ಕಿದ್ದೇ ಹೆಚ್ಚು. ಪ್ರಯಾಣಿಕರೊಬ್ಬರು ಚೀಲಗಳನ್ನು ನೋಡಿ, "ಅರಿಶಿನ ಕುಂಕುಮಕ್ಕೆ ಹೊರಟಿದ್ದೀರಾ?" ಎಂದು ವಿಚಾರಿಸಿದರು.

"ನಹೀ ಬಾಯಿ," ಎಂದು ಗೌರಕ್ಕ ಎದೆಯುಬ್ಬಿಸಿ ಉತ್ತರಿಸಿದರು, "ಇನ್ಶೂರೆನ್ಸ್ ಕ್ಲೇಮ್ ಕೋ ಜಾರೇ!"

ಥಾಣೆಯ ಆ ಕಚೇರಿ ಗಾಜಿನ ಬಾಗಿಲುಗಳ, ತಣ್ಣನೆಯ, ಪಿಸುಮಾತಿನ ಜಾಗ. ಇಬ್ಬರಿಗಿಂತ ಹೆಚ್ಚು ಜನರನ್ನು ಬಿಡಲಾಗದೆಂದು ಕಾವಲುಗಾರ ತಡೆದ. ಆಜಿ ಹಿಂದಿರುಗಿ ನೋಡಿ, "ರಾಂಗೇತ್ ಉಭೇ ರಹಾ!" ಎಂದು ತಮ್ಮ ಶಾಲೆಯ ದನಿಯಲ್ಲಿ ಆಜ್ಞಾಪಿಸಿದರು. ಎಲ್ಲ ಹೆಂಗಸರೂ ಥಟ್ಟನೆ ಸಾಲಾಗಿ ನಿಂತರು. ಕಾವಲುಗಾರನೂ ಅರಿಯದೆ ನೆಟ್ಟಗಾದ. ಸದ್ದು ಕೇಳಿ ಒಳಗಿನಿಂದ ಬಂದ ಮ್ಯಾನೇಜರ್ ಮೇಡಂ, ಗಂಭೀರ ಮುಖದ ಹೆಂಗಸು, ಒಂದು ಕ್ಷಣ ಆ ಸಾಲನ್ನು ನೋಡಿ, "ಸಭೆಯ ಕೋಣೆಗೆ ಬನ್ನಿ" ಎಂದರು. ಸರ್ವೇಯರ್ ಅವರನ್ನೂ ಕರೆಸಿದ್ದರು.

ಉದ್ದನೆಯ ಮೇಜು. ನಾನು ಬರೆದು ತಂದಿದ್ದ ಇಂಗ್ಲಿಷ್ ಹಾಳೆಯನ್ನು ತೆರೆದೆ. ಮೊದಲ ವಾಕ್ಯದ ನಡುವೆಯೇ ತಡವರಿಸಿ ನಿಂತೆ. ಎರಡನೆಯ ಸಲ ಆರಂಭಿಸಿದೆ. ಮತ್ತೆ ಅದೇ ಜಾಗದಲ್ಲಿ ನಿಂತೆ. ಅಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಬೇಸರ ಮಾಡಿಕೊಳ್ಳಬಾರದೆಂದು, 'ಸಾಕು, ಮನೆಗೆ ಹೋಗೋಣ' ಎಂಬಂತೆ ಮೆಲ್ಲನೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನನ್ನಿಂದ ಸಹಿಸಲಾಗಲಿಲ್ಲ. ಹಾಳೆಯನ್ನು ಮಡಚಿದೆ. ಮೊಬೈಲನ್ನು ಮೇಡಂ ಎದುರು ಇಟ್ಟು ನಮ್ಮ ಲೋಕಲ್ ರೈಲಿನ ಹಿಂದಿಯಲ್ಲಿ ಹೇಳಿದೆ:

"ಮೇಡಂ, ಇವು ಮನೆಬಳಕೆಯ ಪಾತ್ರೆಗಳೆಂದು ನೀವು ಬರೆದಿದ್ದೀರಿ. ಅದು ಸರಿಯಾಗಿಯೇ ಇದೆ. ಆದರೆ ಯಾರ ಮನೆಯ ಪಾತ್ರೆಗಳು? ನೀರು ನುಗ್ಗಿದ ದಿನ ತೆಗೆದ ಫೋಟೋ ಇದು. ದಯವಿಟ್ಟು ದೊಡ್ಡದು ಮಾಡಿ ಹೆಸರುಗಳನ್ನು ಓದಿ."

ಮೇಡಂ ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ನಿಧಾನವಾಗಿ ಓದಿದರು: "ಸೌ. ಸುನಂದಾ..."

"ಹಜರ್!" ಎಂದರು ಆಜಿ. ಶಾಲೆಯಲ್ಲಿ ಹಾಜರಿ ಕರೆದಾಗ ಮಕ್ಕಳು ಹೇಳುವಂತೆ. ಎದ್ದು ಬಂದು ತಮ್ಮ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು. ಅದೇ ಹೆಸರು, ಮುಚ್ಚಳದ ಮೇಲೆ ಅದೇ ಕೆಂಪು ಗೀಟು.

ಮೇಡಂ ಡಬ್ಬಿಯನ್ನು ನೋಡಿದರು, ಫೋಟೋ ನೋಡಿದರು. ಇನ್ನೊಂದು ಹೆಸರು ಓದಿದರು. "ಹಜರ್!" ಇನ್ನೊಂದು ಡಬ್ಬಿ ಬಂತು. ಮತ್ತೊಂದು ಹೆಸರು. "ಹಜರ್!" ಕನ್ನಡದ ಅಕ್ಷರ ಬಂದಾಗ ಮೇಡಂ ತಡವರಿಸಿದರು. ಗೌರಕ್ಕ ಮೇಜಿನ ಮೇಲೆ ಬಾಗಿ ಇಣುಕಿ, "ಅದು ನಂದ್ರೀ! 'ಗೌರವ್ವಗ ಅವ್ವನಿಂದ' ಅಂತ ಐತಿ ನೋಡ್ರಿ. ನಮ್ಮವ್ವ ಕೊಟ್ಟದ್ದು, ಲಗ್ನದಾಗ!" ಎಂದು ಕನ್ನಡದಲ್ಲೇ ಕೂಗಿದರು. ಆ ಮಾತಿಗೆ ಅನುವಾದದ ಅಗತ್ಯ ಬೀಳಲಿಲ್ಲ. ಮೇಜಿನ ಮೇಲೆ ಡಬ್ಬಿಗಳ ಸಾಲು ಬೆಳೆಯಿತು. ಗಾಜಿನ ಗೋಡೆಯಾಚೆ ಕಚೇರಿಯ ಸಿಬ್ಬಂದಿ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊನೆಯ ಕೆಲವು ಹೆಸರುಗಳಿಗೆ ಎಲ್ಲ ಹೆಂಗಸರೂ ಒಟ್ಟಿಗೆ "ಹಜರ್" ಎಂದುಬಿಟ್ಟರು.

ಸರ್ವೇಯರ್ ಒಂದು ಡಬ್ಬಿಯ ಕೆಂಪು ಗೀಟನ್ನು ಬೆರಳಿನಿಂದ ಸವರಿ ನೋಡುತ್ತಾ ಅಮ್ಮನ ಕಡೆ ತಿರುಗಿದರು. ಅವರ ದನಿಯಲ್ಲಿ ಆಕ್ಷೇಪಕ್ಕಿಂತ ಆಶ್ಚರ್ಯ ಹೆಚ್ಚಾಗಿತ್ತು. "ಭಾಭೀಜಿ, ಅಂದು ನಾನು ಕೇಳಿದಾಗ ಏನೂ ಕೆಲಸವಿಲ್ಲ ಎಂದಿರಲ್ಲ?"

ಅಮ್ಮ ನನ್ನ ಮುಖ ನೋಡಲಿಲ್ಲ. ತಮ್ಮದೇ ಹಿಂದಿಯಲ್ಲಿ ಹೇಳಿದರು: "ಅಂದು ನೀವು ನಮ್ಮ ಮನೆಗೆ ಬಂದ ಮೆಹಮಾನ್ ಅಲ್ವಾ ಸಾಬ್? ಮನೆಗೆ ಬಂದವರ ಎದುರು ನಾನು ಅದು ಮಾಡ್ತೇನೆ, ಇದು ಮಾಡ್ತೇನೆ ಅಂತ ದೊಡ್ಡಸ್ತಿಕೆ ಹೇಳ್ಲಿಕ್ಕೆ ಆಗ್ತದಾ?"

ಸರ್ವೇಯರ್ ಮುಗುಳ್ನಕ್ಕರು. ಅವರ ಮನೆಯಲ್ಲಿಯೂ ಹೀಗೆಯೇ ಉತ್ತರಿಸುವ ಒಬ್ಬರು ಇದ್ದಿರಬೇಕು. ಆ ನಗುವಿನ ರೀತಿಯಿಂದ ನನಗೆ ಹಾಗೆನಿಸಿತು.

ಮೇಡಂ ಪೆನ್ನು ಕೈಗೆತ್ತಿಕೊಂಡರು. "ಈಗ ನೀವು ನಮ್ಮ ಆಫೀಸಿನಲ್ಲಿದ್ದೀರಿ. ಈಗ ಹೇಳಿ. ಆಪ್ ಕ್ಯಾ ಕರ್ತೀ ಹೈಂ?"

ಅಮ್ಮ ನೆಟ್ಟಗೆ ಕುಳಿತರು. "ಮೈಂ ಇಡ್ಲಿ ಡೋಸಾ ಕಾ ಬ್ಯಾಟರ್ ಬನಾತೀ ಹೂಂ. ಪೂರೀ ಬಿಲ್ಡಿಂಗ್ ಕೋ ದೇತೀ ಹೂಂ."

ಇಡ್ಲಿ ದೋಸೆಯ ಹಿಟ್ಟು ಮಾಡಿ ಇಡೀ ಕಟ್ಟಡಕ್ಕೆ ಕೊಡುತ್ತೇನೆ ಎಂದವರು ಅಲ್ಲಿಗೆ ನಿಲ್ಲಲಿಲ್ಲ. ಅಕ್ಕಿ ನೆನೆಹಾಕುವುದು ಯಾವಾಗ, ಚಳಿಗಾಲದಲ್ಲಿ ಹಿಟ್ಟು ಹುಳಿಬರಲು ಗೋಣಿ ಹೊದಿಸುವುದು ಹೇಗೆ, ಯಾರ ಮನೆಗೆ ಮೆಂತೆ ಹಾಕಬಾರದು, ಹಬ್ಬದ ಹಿಂದಿನ ದಿನ ಎಷ್ಟು ಸಲ ಗ್ರೈಂಡರ್ ತಿರುಗಬೇಕು, ಎಲ್ಲವನ್ನೂ ಹೇಳಿದರು. ಮೇಡಂ ಬರೆದುಕೊಂಡರು. ನಾನು ಬಾಯಿ ಹಾಕಲಿಲ್ಲ. ಅಮ್ಮನ ಹಿಂದಿಯಲ್ಲಿ ಹಲವು ತಪ್ಪುಗಳಿದ್ದವು. ತಿದ್ದಬೇಕೆಂದು ನನಗೆ ಒಮ್ಮೆಯೂ ತೋರಲಿಲ್ಲ.

ಎಲ್ಲ ಮುಗಿದ ಮೇಲೆ ಮೇಡಂ ಆಜಿಯ ಡಬ್ಬಿಯನ್ನು ಹತ್ತಿರದಿಂದ ನೋಡಲು ಎತ್ತಿದರು. ಅದು ಭಾರವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಸಾಬೂದಾನಿ ಖಿಚಡಿ! ಪಕ್ಕದ ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಇನ್ನೊಂದರಲ್ಲಿ ಲೆಮನ್ ರೈಸ್. ಇದು ನನಗೂ ತಿಳಿದಿರಲಿಲ್ಲ. ನನ್ನ ಮುಖ ಬಿಸಿಯಾಯಿತು.

"ಇದು ಎವಿಡೆನ್ಸಾ ಅಥವಾ ಟಿಫಿನ್ನಾ?" ಎಂದು ಕೇಳಿದ ಮೇಡಂ ಕೂಡಲೇ ಗಂಭೀರರಾದರು. "ನೋಡಿ, ನಾವು ಗಿಫ್ಟ್ ತೆಗೆದುಕೊಳ್ಳುವಂತಿಲ್ಲ."

"ಗಿಫ್ಟ್ ನಾಹೀ," ಎಂದರು ಆಜಿ. "ರಿಕಾಮಾ ಡಬಾ ಕೋಣೀ ದೇತಂ ಕಾ?" ಖಾಲಿ ಡಬ್ಬಿಯನ್ನು ಯಾರಾದರೂ ಕೊಡುತ್ತಾರೆಯೇ ಎಂದು ಅವರ ಪ್ರಶ್ನೆ. "ಇವಳು ಇಷ್ಟು ವರ್ಷಗಳಲ್ಲಿ ಒಂದು ದಿನವೂ ನಮ್ಮ ಡಬ್ಬಿಯನ್ನು ಖಾಲಿ ಕಳುಹಿಸಿಲ್ಲ. ಪ್ರವಾಹ ಬಂದ ಮೇಲೂ ಸಕ್ಕರೆ ಹಾಕಿ ಕಳುಹಿಸಿದಳು. ಇವಳ ಕೆಲಸಕ್ಕಾಗಿ ಬರುವಾಗ ನಾವು ಖಾಲಿ ತರುವುದೇ?"

ಮೇಡಂ ಗೋಡೆಯ ಗಡಿಯಾರದ ಕಡೆ ನೋಡಿದರು. ಊಟದ ಹೊತ್ತಾಗಿತ್ತು. "ಹಾಗಾದರೆ ನಿಮ್ಮ ಡಬ್ಬಿ ನೀವು ತಿನ್ನಿ. ನಮ್ಮ ಡಬ್ಬಿಗಳನ್ನೂ ತರುತ್ತೇವೆ. ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳೋಣ" ಎಂದರು. ಆ ಉದ್ದನೆಯ ಮೇಜಿನ ಮೇಲೆ ಯಾರ ಡಬ್ಬಿಯಿಂದ ಯಾರು ತಿಂದರೋ ಹೇಳುವುದು ಕಷ್ಟ. ಸರ್ವೇಯರ್ ಶೇಂಗಾ ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. "ಕಣ್ಣಿಗೆ ಕಂಡದ್ದ ಬರೀತೀರಿ ಹೌದಲ್ರಿ? ಇದನ್ನೂ ಬರ್ಕೋರಿ ಮತ್ತ" ಎಂದು ಗೌರಕ್ಕ ಕೆಣಕಿದರು. ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕರು.

ಸ್ಥಳವನ್ನು ಇನ್ನೊಮ್ಮೆ ಪರಿಶೀಲಿಸಿ ತೀರ್ಮಾನ ತಿಳಿಸುವುದಾಗಿಯೂ, ಈಗಲೇ ಏನನ್ನೂ ಹೇಳುವಂತಿಲ್ಲವೆಂದೂ ಮೇಡಂ ನನಗೆ ಸ್ಪಷ್ಟಪಡಿಸಿದರು. ನಾನು ಒಪ್ಪಿ ಧನ್ಯವಾದ ಹೇಳಿದೆ. ಕಚೇರಿಯ ಸಹಾಯಕರು ಡಬ್ಬಿಗಳನ್ನು ತೊಳೆದು, ಒರೆಸಿ, ಸಾಲಾಗಿ ತಂದಿಟ್ಟರು. ಹೆಂಗಸರು ತಮ್ಮ ತಮ್ಮ ಡಬ್ಬಿಗೆ ಕೈಹಾಕುವಷ್ಟರಲ್ಲಿ ಮೇಡಂ, "ಒಂದು ನಿಮಿಷ" ಎಂದು ಹೊರಗೆ ಹೋದರು.

ಮರಳಿ ಬಂದಾಗ ಅವರ ಕೈಯಲ್ಲಿ ಚಹಾದ ತಟ್ಟೆಯಿತ್ತು. ತಟ್ಟೆಯಲ್ಲಿ ಕಚೇರಿಯ ಚಹಾಕ್ಕೆ ಇಡುವ ಸಕ್ಕರೆಯ ಸಣ್ಣ ಸಣ್ಣ ಕಾಗದದ ಪೊಟ್ಟಣಗಳು. ಮೇಡಂ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಒಂದೊಂದು ಡಬ್ಬಿಗೆ ಒಂದೊಂದು ಪೊಟ್ಟಣ ಹಾಕಿದರು.

ಅಮ್ಮ ತಮ್ಮ ಎದುರಿಗಿದ್ದ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿ, ನನ್ನ ಕಿವಿಯಲ್ಲಿ ತುಳುವಿನಲ್ಲಿ ಹೇಳಿದರು: "ಬೇಲೆ ಆಂಡ್." ಕೆಲಸ ಆಯಿತು.

ಕಂಪನಿಯ ಪತ್ರ ಬಂದದ್ದು ಆಮೇಲೆ. ಸರ್ವೇಯರ್ ಮತ್ತೊಮ್ಮೆ ಬಂದು ಗ್ರೈಂಡರುಗಳ ಮೋಟಾರನ್ನು ಬಿಚ್ಚಿಸಿ ನೋಡಿದರು, ಮನೆ ಮನೆಗೂ ಹೋಗಿ ವಿಚಾರಿಸಿದರು. ಹಳೆಯದಾದುದಕ್ಕೆ ನಿಯಮದಂತೆ ಸ್ವಲ್ಪ ಕಡಿತ ಮಾಡಿ, ಉಳಿದ ಪರಿಹಾರ ಮಂಜೂರಾಯಿತು. ಆ ಪತ್ರದಲ್ಲಿ ನಮ್ಮ ಮುಂದಿನ ಕೋಣೆಯನ್ನು 'ವ್ಯವಹಾರದ ಸ್ಥಳ' ಎಂದು ಕರೆದಿದ್ದರು. ಅಮ್ಮ ಆ ಒಂದು ಸಾಲನ್ನು ಮಾತ್ರ ನನ್ನಿಂದ ಮತ್ತೆ ಓದಿಸಿದರು. ಚೌತಿಗೆ ಮೊದಲೇ ಹೊಸ ಗ್ರೈಂಡರುಗಳು ಬಂದವು. ಈ ಸಲ ಅವುಗಳನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದೆವು. ಅವು ಮೊದಲ ಸಲ ತಿರುಗುವ ಹಿಂದಿನ ದಿನ ಡಬ್ಬಿಗಳನ್ನು ತಂದಿಡಲು ಬಂದವರ ಸಾಲು ಮೆಟ್ಟಿಲಿನವರೆಗೆ ಇತ್ತು. ಬೆಳಿಗ್ಗೆ ಗ್ರೈಂಡರಿನ ಸದ್ದಿಗೆ ಎಚ್ಚರಗೊಂಡಾಗ ನಾನು ಎಷ್ಟೋ ಹೊತ್ತು ಏಳದೆ ಅದನ್ನು ಕೇಳುತ್ತಾ ಮಲಗಿದ್ದೆ.

ಈಗಲೂ ನಾನು ಎಲ್ಲದಕ್ಕೂ ವಿಮೆ ಮಾಡಿಸುತ್ತೇನೆ. ಪಪ್ಪ ಈಗ ತಮಾಷೆ ಮಾಡುವುದಿಲ್ಲ. ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವ ನನ್ನ ಅಭ್ಯಾಸವೂ ಹೋಗಿಲ್ಲ. ಆದರೆ ಮಾತು ತಡವರಿಸಿದರೆ ಮಡಚಿದ ಆ ಹಾಳೆಯನ್ನು ನೆನೆಯುತ್ತೇನೆ.

ಇತ್ತೀಚೆಗೆ ಅಮ್ಮನ ಕಣ್ಣು ತೋರಿಸಲು ಕಲ್ಯಾಣದ ಒಂದು ದವಾಖಾನೆಗೆ ಹೋಗಿದ್ದೆವು. ಎದುರು ಕುಳಿತಿದ್ದ ಹುಡುಗಿ ಹೆಸರು, ವಯಸ್ಸು ಬರೆದುಕೊಂಡು, ಗೃಹಿಣಿ ಎಂದು ಬರೆಯಲೇ ಎಂದು ತಲೆ ಎತ್ತದೆಯೇ ಕೇಳಿದಳು: "ಆಂಟಿ, ಕ್ಯಾ ಕರ್ತೀ ಹೋ? ಹೌಸ್‌ವೈಫ್ ಲಿಖೂಂ?"

"ನಹೀ, ರುಕೋ," ಎಂದರು ಅಮ್ಮ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು. ಅಕ್ಕಿ ನೆನೆಹಾಕುವುದರಿಂದ ಹೇಳತೊಡಗಿದರು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಅವರನ್ನು ಅವಸರಪಡಿಸಲಿಲ್ಲ. ಮೆಂತೆಯ ವಿಷಯ ಬರುವ ಹೊತ್ತಿಗೆ ಆ ಹುಡುಗಿ ಪೆನ್ನು ಕೆಳಗಿಟ್ಟು, ಕಲ್ಯಾಣಕ್ಕೂ ಕೊಡುತ್ತೀರಾ ಎಂದು ವಿಚಾರಿಸಿದಳು.

"ಕೊಡ್ತೇನೆ," ಎಂದರು ಅಮ್ಮ. "ಡಬ್ಬಿ ಮಾತ್ರ ನಿನ್ನದೇ ತರಬೇಕು. ಹೆಸರು ಕೆತ್ತಿದ್ದು."